ಕಿವಿ ಕೇಳದ ಅತ್ತೆಗೆ ಬರೆದದ್ದು

ದೊಡ್ಡಪ್ಪನ ಮನೆಯಲ್ಲಿ ಮಾತಿಗೆ ಕೊರತೆಯಿರಲಿಲ್ಲ. ಮಧುಗಿರಿಯ ಪೇಟೆ ಬೀದಿಯ ಆ ಮನೆಯ ಮುಂದಿನ ಅರ್ಧ ಹುಣಸೆಹಣ್ಣಿನ ಮಂಡಿ, ಹಿಂದಿನ ಅರ್ಧ ಸಂಸಾರ. ನಡುವಿನ ಪಡಸಾಲೆ ಎರಡಕ್ಕೂ ಸೇರಿದ್ದು. ಬೆಳಗಾಗುತ್ತಲೇ ಸುತ್ತಲ ಹಳ್ಳಿಗಳಿಂದ ಹೆಂಗಸರು ಬಂದು ಮಂಡಿಯ ನೆಲದ ಮೇಲೆ ಕಾಲು ಚಾಚಿ ಕೂತು, ಮರದ ಕೊಡತಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಆ ಕುಟ್ಟುವ ಸದ್ದಿನ ಮೇಲೆ ಅವರ ಮಾತು, ಅದರ ಮೇಲೆ ದೊಡ್ಡಪ್ಪ ದಲ್ಲಾಳಿಗಳೊಡನೆ ಕೂಗಾಡುವ ಸದ್ದು, ಎಲ್ಲದರ ಮೇಲೆ ಅಡುಗೆಮನೆಯಿಂದ ದೊಡ್ಡಮ್ಮನ ದನಿ. ಊರ ಬೆಟ್ಟ ಇಡಿಯಾಗಿ ಒಂದೇ ಕಲ್ಲು. ಹಗಲೆಲ್ಲ ಕಾದು ಸಂಜೆ ಆ ಕಾವನ್ನು ನಮ್ಮ ಬೀದಿಯ ಮೇಲೆ ಬಿಡುತ್ತಿತ್ತು. ಆಗ ಎಲ್ಲರೂ ಜಗಲಿಗೆ ಬಂದು ಕೂರುತ್ತಿದ್ದರು, ಮತ್ತೆ ಮಾತು. ಮನೆ ಸುಮ್ಮನಾಗುತ್ತಿದ್ದದ್ದು ಪೂಜೆಯ ಹೊತ್ತಿನಲ್ಲಿ ಮಾತ್ರ. ಹಣೆಗೆ ವಿಭೂತಿ ಬಳಿದುಕೊಂಡು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಸಾಲಾಗಿ ಕೂತಾಗ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ನನಗೆ ಆ ಹೊತ್ತು ಇಷ್ಟವಾಗಿತ್ತು. ಯಾರೂ ಯಾರೊಡನೆಯೂ ಮಾತಾಡದಿರುವಾಗ, ನನ್ನೊಡನೆ ಯಾರೂ ಮಾತಾಡುತ್ತಿಲ್ಲ ಎಂಬುದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ.

ನಾನು ಆ ಮನೆಗೆ ಬಂದದ್ದು ಅವ್ವ ತೀರಿಕೊಂಡ ಮೇಲೆ. ಅಪ್ಪ ಪಾವಗಡದ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟರು. ಹೆಣ್ಣುಮಗುವನ್ನು ಒಬ್ಬರೇ ಸಾಕುವುದು ಹೇಗೆಂದು ತಿಳಿಯದೆ, ಮಧುಗಿರಿಯಲ್ಲಾದರೆ ಹೆಣ್ಣುಮಕ್ಕಳ ಸ್ಕೂಲೂ ಇದೆ, ಅಣ್ಣನ ಮನೆಯೂ ಇದೆ ಎಂದು ತಂದುಬಿಟ್ಟು ಹೋದರು. ಬಂದ ದಿನ ಬಾಯಾರಿ, ದೊಡ್ಡಪ್ಪನ ಹಿರಿಯ ಮಗಳು ಪಾರ್ವತಕ್ಕನ ಹತ್ತಿರ ನೀರು ಕೇಳಿದೆ.

"ಅಕ್ಕಾ, ಕೊಂಚೆಂ ನೀಳ್ಳು ಕೊಡು."

ನಮ್ಮ ಕಡೆ ಕನ್ನಡದಲ್ಲಿ ತೆಲುಗು ಬೆರೆಯುವುದು ಮಜ್ಜಿಗೆಯಲ್ಲಿ ಉಪ್ಪು ಬೆರೆತಷ್ಟು ಸಹಜ. ಅದು ಬೇರೆ ಭಾಷೆಯೆಂದೇ ನನಗೆ ಗೊತ್ತಿರಲಿಲ್ಲ. ಪಾರ್ವತಕ್ಕ ನಕ್ಕಳು, ಮಂಡಿಯ ಹೆಂಗಸರಿಗೆ ಕೂಗಿ ಹೇಳಿದಳು, ಅವರೂ ನಕ್ಕರು. ಅಂದಿನಿಂದ ನನ್ನ ಗಿರಿಜೆ ಎಂಬ ಹೆಸರು ಹೋಗಿ 'ನೀಳ್ಳು' ಎಂದಾಯಿತು. "ನೀಳ್ಳೂ, ಸಗಣಿ ಬಾಚು," "ನೀಳ್ಳು ಎಲ್ಲಿ ಸತ್ಲು?" ಅವರಾರೂ ಕೆಟ್ಟವರಲ್ಲ. ಮುದ್ದೆಯ ಮೇಲೆ ನನಗೂ ಅಷ್ಟೇ ತುಪ್ಪ ಬೀಳುತ್ತಿತ್ತು, ಹಬ್ಬಕ್ಕೆ ನನಗೂ ಲಂಗ ಹೊಲಿಸುತ್ತಿದ್ದರು. ಆದರೆ ಬಾಯಿ ಬಿಟ್ಟರೆ ಯಾವ ಪದ ತೆಲುಗಾಗಿ ಉದುರೀತೋ ಎಂಬ ಅಂಜಿಕೆಗೆ ನಾನು ಮಾತನ್ನೇ ಬಿಟ್ಟೆ. ತಲೆ ಆಡಿಸುವುದರಲ್ಲಿ, ಕೈ ತೋರಿಸುವುದರಲ್ಲಿ ದಿನ ಕಳೆಯುತ್ತಿತ್ತು. ಮೊದಮೊದಲು ದೊಡ್ಡಮ್ಮ ಬೈದರು, ಆಮೇಲೆ ಅವರಿಗೂ ಅದೇ ಅನುಕೂಲವೆನಿಸಿತು.

ಆ ಮನೆಯಲ್ಲಿ ನನ್ನಂತೆಯೇ ಮಾತಿನ ಹೊರಗೆ ಉಳಿದ ಇನ್ನೊಬ್ಬರಿದ್ದರು. ದೊಡ್ಡಪ್ಪನಿಗೂ ಅಪ್ಪನಿಗೂ ಹಿರಿಯಕ್ಕ, ನನ್ನ ಸೋದರತ್ತೆ ನೀಲಮ್ಮ. ಕೊರಟಗೆರೆಗೆ ಮದುವೆ ಮಾಡಿಕೊಟ್ಟಿದ್ದರಂತೆ. ಊರಿಗೆ ವಿಷಮಜ್ವರ ಬಂದ ವರ್ಷ ಗಂಡ ತೀರಿಕೊಂಡು, ತಾವು ಬದುಕುಳಿದು, ಕಿವಿ ಕಳೆದುಕೊಂಡು ತವರಿಗೆ ಬಂದರು. ತಾಯಿಯಿಲ್ಲದ ತಮ್ಮಂದಿರಿಬ್ಬರನ್ನೂ ಎತ್ತಿ ಬೆಳೆಸಿದವರು ಅವರೇ. ಬಿಳಿ ಸೀರೆ, ಹಣೆಯ ಮೇಲೆ ಅಗಲವಾದ ವಿಭೂತಿ, ನೆಟ್ಟಗಿನ ಬೆನ್ನು. ಪಡಸಾಲೆಯ ಕಂಬಕ್ಕೊರಗಿ ಕೂತು ಅವರೆಕಾಯಿ ಸುಲಿಯುತ್ತಲೋ ಬತ್ತಿ ಹೊಸೆಯುತ್ತಲೋ ಎಲ್ಲರ ಬಾಯಿಗಳನ್ನು ನೋಡುತ್ತಿದ್ದರು. ಊಟಕ್ಕೆ ಕರೆಯಲು ಬೆರಳು ಬಾಯಿಗೆ ತೋರಿಸುವುದು, ಸ್ನಾನಕ್ಕೆ ತಲೆ ಮುಟ್ಟಿ ತೋರಿಸುವುದು, ಇಷ್ಟೇ ಅವರೊಡನೆ ಮನೆಯವರ ವ್ಯವಹಾರ. ಅವರೇನಾದರೂ ಕೇಳಿದರೆ ಎಲ್ಲರೂ ಕೈಯಾಡಿಸಿ 'ಏನಿಲ್ಲ' ಎನ್ನುತ್ತಿದ್ದರು. ಊರೆಲ್ಲ ನಗುವಂಥದು ನಡೆದಿದ್ದರೂ ಏನಿಲ್ಲ, ಸಾವಾಗಿದ್ದರೂ ಏನಿಲ್ಲ.

ಒಂದು ಬೆಳಿಗ್ಗೆ ಮಂಡಿಯ ಮುಂದೆ ಜಗಳವಾಯಿತು. ಬಡವನಹಳ್ಳಿಯಿಂದ ಬರುತ್ತಿದ್ದ ಕರಿಯಮ್ಮ ಎಂಬಾಕೆಗೂ ಎದುರುಮನೆಯ ಮುದುಕಿಗೂ ಒಂದು ಮೇಕೆಯ ವಿಷಯದಲ್ಲಿ ಕೈ ಕೈ ಮಿಲಾಯಿಸುವಷ್ಟಾಗಿ, ಇಡೀ ಬೀದಿ ಸೇರಿತು. ಅತ್ತೆ ಬಾಗಿಲಿಗೆ ಬಂದು ನಿಂತು ಅವರನ್ನೂ ಇವರನ್ನೂ ಕೇಳಿದರು. ಏನಿಲ್ಲ, ಏನಿಲ್ಲ. ಕೊನೆಗೆ ಸ್ಕೂಲಿಗೆ ಹೊರಟು ನಿಂತಿದ್ದ ನನ್ನ ಭುಜ ಹಿಡಿದು, ಕೈಯಲ್ಲಿದ್ದ ಸ್ಲೇಟನ್ನು ತಟ್ಟಿ ತೋರಿಸಿದರು. ತಮ್ಮ ದನಿ ತಮಗೇ ಕೇಳದ್ದರಿಂದ ಅವರು ಮಾತಾಡಿದರೆ ಒಮ್ಮೆ ಪಿಸುಮಾತು, ಒಮ್ಮೆ ಕೂಗು.

"ನಂಗೆ ಓದಕ್ ಬತ್ತದೆ ಕಣೇ. ನಮ್ಮಪ್ಪ ವಚನ ಓದ್ಲಿ ಅಂತ ಯೋಳ್ಕೊಟ್ಟಿದ್ದ. ಏನಾಯ್ತು, ಬರಿ."

ನಾನು ಬರೆದೆ: ಕರಿಯಮ್ಮ ಜಗಳ ಆಡಿದಳು. ಅತ್ತೆ ಓದಿ, ನನ್ನನ್ನು ನೋಡಿ, ಸೆರಗಿನಿಂದ ಅದನ್ನು ಒರೆಸಿಬಿಟ್ಟರು.

"ಅದು ನಂಗೂ ಕಾಣ್ತು. ಮೊದ್ಲು ಯಾರು ಬಾಯ್ ಬುಟ್ರು? ಏನಂದ್ಲು? ಮುದುಕಿ ಹೆಂಗ್ ಎಗರ್ದ್ಲು? ಅವ್ರು ಅಂದಂಗೇ ಬರಿ."

ಅಂದಂತೆಯೇ ಬರೆದೆ. ಮುದುಕಿ 'ನಿನ್ ಮೇಕೆ ನನ್ ಸೀರೆ ತಿಂತು' ಅಂದದ್ದು, ಕರಿಯಮ್ಮ 'ಅದ್ರ ಹೊಟ್ಟೆ ಕೆಟ್ರೆ ನೀನೇ ಜವಾಬ್ದಾರಿ' ಅಂದದ್ದು. ಸ್ಲೇಟು ತುಂಬಿತು, ಒರೆಸಿ ಮತ್ತೆ ತುಂಬಿಸಿದೆ. ಅತ್ತೆ ಓದುತ್ತಾ ಓದುತ್ತಾ ಕಂಬ ಹಿಡಿದುಕೊಂಡು ನಗತೊಡಗಿದರು. ಅವರ ಹಲ್ಲನ್ನು ನಾನು ನೋಡಿದ್ದು ಅದೇ ಮೊದಲು. ಸ್ಕೂಲಿಗೆ ತಡವಾಗಿ ಹೋಗಿ ಬೆಂಚಿನ ಮೇಲೆ ನಿಂತೆ. ನಿಂತಲ್ಲೇ, ಇನ್ನೂ ಏನೇನು ಬರೆಯಬಹುದಿತ್ತು ಎಂದು ಯೋಚಿಸುತ್ತಿದ್ದೆ.

ಅಲ್ಲಿಂದ ಮುಂದೆ ನನ್ನ ಬಳಪಕ್ಕೆ ಬಿಡುವಿರಲಿಲ್ಲ. ಅತ್ತೆಯ ಆಸೆಬುರುಕತನಕ್ಕೆ ಎಲ್ಲೆಯಿರಲಿಲ್ಲ. ಇಷ್ಟು ವರ್ಷ 'ಏನಿಲ್ಲ' ಎಂಬ ಕೈಸನ್ನೆಯನ್ನೇ ಕಂಡವರು ಈಗ ಎಲ್ಲವನ್ನೂ ಬೇಡಿದರು. ಮಗ್ಗುಲು ಮನೆಯ ಬಾಣಂತಿ ಯಾಕೆ ಅಳುತ್ತಾಳೆ? ಹಿಟ್ಟು ಹುಳಿಯಾಗುವುದು ಯಾಕೆ, ನಿಮ್ಮ ಟೀಚರಮ್ಮ ಏನು ಹೇಳುತ್ತಾರೆ? ಗ್ರಹಣದ ದಿನ ಚಂದ್ರನ ಮೇಲೆ ಬೀಳುವುದು ಯಾರ ನೆರಳು? ಬೆಟ್ಟದ ಜೇನು ಎದ್ದಾಗ ಸದ್ದು ಎಲ್ಲಿಂದ ಬಂತು, ರೆಕ್ಕೆಯಿಂದಲೋ ಬಾಯಿಂದಲೋ? ಮುಂದೆ ನಾನು ಪತ್ರಿಕೆಗಳಿಗೆ ಬರೆಯತೊಡಗಿದ ಮೇಲೆ, ಇವತ್ತು ಮಕ್ಕಳ ಹಟದ ಮೇಲೆ, ನಾಳೆ ಹಾರ್ಮೋನಿಯಂ ಮೇಲೆ, ನಾಡಿದ್ದು ಧೂಮಕೇತುವಿನ ಮೇಲೆ ಬರೆಯುವುದನ್ನು ಕಂಡು, ನಿಮ್ಮ ವಿಷಯ ಯಾವುದು ಎಂದು ಕೇಳಿದವರಿದ್ದಾರೆ. ವಿಷಯವನ್ನು ಆರಿಸಿಕೊಳ್ಳುವುದು ನನ್ನ ಪಾಲಿಗೆ ಬರಲೇ ಇಲ್ಲ. ಕೇಳುವವರು ಕಂಬಕ್ಕೊರಗಿ ಕೂತಿದ್ದರು, ನಾನು ಬರೆಯುತ್ತಿದ್ದೆ. ಬರಹದಲ್ಲಿ ತೆಲುಗು ಬಂದರೆ ಅತ್ತೆ ನಗುತ್ತಿರಲಿಲ್ಲ. 'ಇದೇನ್ ಪದ?' ಎಂದು ಕೇಳಿ, ಅರ್ಥ ತಿಳಿದುಕೊಂಡು, ಆಮೇಲೆ ತಾವೇ ಅದನ್ನು ಬಳಸುತ್ತಿದ್ದರು.

ಊರಿಗೆ ನಾಟಕದ ಕಂಪನಿ ಬಂದಾಗ ಮನೆಯವರೆಲ್ಲ ಹೋದೆವು. ಕೇಳಿಸದವರಿಗೆ ನಾಟಕ ಯಾಕೆಂದು ಅತ್ತೆಯನ್ನು ಕರೆಯಲಿಲ್ಲ. ಮರುದಿನ ಅವರು ಸ್ಲೇಟು ತಂದು ನನ್ನ ಮುಂದಿಟ್ಟರು. ಕತೆ ಬರೆದೆ, ವೇಷಗಳನ್ನು ಬರೆದೆ. "ಪದ ಹಾಡಿದ್ರಲ್ಲ, ಅದು?" ಎಂದರು. ಚೆನ್ನಾಗಿತ್ತು ಎಂದು ಬರೆದೆ. ಒರೆಸಿದರು. ಬಹಳ ಇಂಪಾಗಿತ್ತು ಎಂದು ಬರೆದೆ. ಅದನ್ನೂ ಒರೆಸಿದರು. ಎಷ್ಟು ಹೊತ್ತು ಕೂತೆನೋ, ಹೊಳೆಯಲಿಲ್ಲ. ಕೊನೆಗೆ ಅವರ ಬೆನ್ನ ಹಿಂದೆ ಹೋಗಿ, ಹಾಡುಗಾರ ದನಿ ಏರಿಸಿದಂತೆ ಬೆರಳನ್ನು ಬೆನ್ನಹುರಿಯುದ್ದಕ್ಕೂ ಮೇಲಕ್ಕೆ ಎಳೆದು, ಕತ್ತಿನ ಬಳಿ ನಡುಗಿಸಿ, ಕೆಳಗೆ ಇಳಿಸಿದೆ. ಅತ್ತೆ ಕದಲದೆ ಕೂತಿದ್ದರು. "ಇನ್ನೊಂದ್ ಸಲ," ಎಂದರು, ಪಿಸುಮಾತಿನಲ್ಲಿ.

ಅವರು ಬಹಳ ದಿನ ಒಳಗಿಟ್ಟುಕೊಂಡಿದ್ದ ಪ್ರಶ್ನೆಯೊಂದಿತ್ತು. ಒಂದು ಮಧ್ಯಾಹ್ನ ನಾವಿಬ್ಬರೇ ಹಿತ್ತಲಲ್ಲಿ ಕೂತಿದ್ದಾಗ ಕೇಳಿದರು.

"ಕಿವಿ ಒಳಗೆ ಏನೈತೆ? ನಂದು ಯಾವ ಜಾಗದಾಗೆ ಹೋಗೈತೆ?"

ನನ್ನ ಟೀಚರಮ್ಮನನ್ನು ಕೇಳಿದೆ. ಕಾರಣ ತಿಳಿದು ಅವರು ಪಾಠ ನಿಲ್ಲಿಸಿ ಕರಿಹಲಗೆಯ ಮೇಲೆ ಕಿವಿಯ ಚಿತ್ರ ಬರೆದರು. ಹೊರಗಿನ ಆಲೆ, ಒಳಗೊಂದು ತೆಳ್ಳನೆಯ ತಮಟೆ, ಅದರಾಚೆ ಬಸವನಹುಳುವಿನ ಚಿಪ್ಪಿನಂಥದು. ಜ್ವರ ತಲೆಗೇರಿದರೆ ಆ ಚಿಪ್ಪಿನೊಳಗಿನ ನರ ಸಾಯುವುದುಂಟು, ಹುಟ್ಟುಕಿವುಡು ಬೇರೆ, ಇದು ಬೇರೆ. ಇದಕ್ಕೆ ಮದ್ದಿಲ್ಲ ಎಂದರು. ಕೊನೆಯ ಮಾತನ್ನು ಬರೆಯುವುದೋ ಬಿಡುವುದೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅರ್ಧ ಬರೆದರೆ ಅತ್ತೆಗೆ ಗೊತ್ತಾಗಿಬಿಡುತ್ತದೆಂದು, ಸ್ಲೇಟಿನ ಮೇಲೆ ಚಿತ್ರದ ಸಮೇತ ಎಲ್ಲವನ್ನೂ ಬರೆದೆ. ಅವರು ಬಹಳ ಹೊತ್ತು ಆ ಚಿಪ್ಪನ್ನು ಬೆರಳಿನಿಂದ ಅಳಿಸದಂತೆ ಮುಟ್ಟುತ್ತಿದ್ದರು.

"ನಾನೇನೋ ಪಾಪ ಮಾಡಿದ್ದೆ ಅಂದ್ಕಂಡಿದ್ದೆ ಕಣೇ. ನರ ಸತ್ತೋಗಿರೋದಾ? ಸರಿ ಬುಡು."

ಮಾರನೆಯ ಬೇಸಿಗೆಗೆ ಪಾರ್ವತಕ್ಕನಿಗೆ ಸಿರಾದಿಂದ ಸಂಬಂಧ ಬಂತು. ದೊಡ್ಡ ವ್ಯಾಪಾರಸ್ಥರ ಮನೆ. ಹೆಣ್ಣು ನೋಡಲು ಬರುವ ದಿನ ಗೊತ್ತಾದ ಮೇಲೆ, ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ಪಡಸಾಲೆಯಲ್ಲಿ ಕೂತು ಮಾತಾಡಿದರು. ಅತ್ತೆ ಎಂದಿನಂತೆ ಕಂಬದ ಬಳಿ, ಅವರಿಂದ ಕೈಯಳತೆಯಲ್ಲಿ. ನಾನು ಬಾಗಿಲ ಬಳಿ ಹುಣಸೆಬೀಜ ಆರಿಸುತ್ತಿದ್ದೆ. ನಮ್ಮವರಲ್ಲಿ ಗಂಡ ಸತ್ತವಳನ್ನು ಶುಭಕಾರ್ಯದಿಂದ ದೂರವಿಡುವ ಕಟ್ಟಳೆ ಅಷ್ಟು ಬಿಗಿಯಾಗಿರಲಿಲ್ಲ. ದೊಡ್ಡಮ್ಮನ ಭಯ ಬೇರೆ.

"ಮನೇಲಿ ಕಿವುಡಿ ಅವ್ಳೆ ಅಂದ್ರೆ, ನಾಳೆ ಹುಟ್ಟೋ ಕೂಸ್ಗೂ ಅಂಗೇ ಆದ್ರೆ ಅಂತ ಅವ್ರು ಹಿಂದೆಗೀತಾರೆ. ತಾವರೆಕೆರೆ ನಿಮ್ ಚಿಕ್ಕಪ್ಪನ ಮಗನ ಮನೆಗೆ ಕಳಿಸ್ಬುಡನ. ಮದ್ವೆ ಮುಗಿಯೋಗಂಟ ಅಂತಲ್ಲ, ಇನ್ಮುಂದೆ ಅಲ್ಲೇ ಇರ್ಲಿ. ಪಾರ್ವತಿ ಹಿಂದೆ ಇನ್ನೊಬ್ಳು ಚಿಕ್ಕೋಳು ಬೇರೆ ಅವ್ಳೆ, ಅವ್ಳ್ ಮದ್ವೆನೂ ಆಗ್ಬೇಕಲ್ಲ."

ದೊಡ್ಡಪ್ಪ ಏನೂ ಹೇಳಲಿಲ್ಲ. ಹುಕ್ಕಾ ಸೇದುವವರಂತೆ ಉಸಿರೆಳೆದುಕೊಂಡು ಬೆಟ್ಟದ ಕಡೆ ನೋಡುತ್ತಾ ಕೂತರು. ಅತ್ತೆ ಅವರ ಬಾಯಿಗಳನ್ನೇ ನೋಡುತ್ತಿದ್ದರು. ನಗುತ್ತಿದ್ದರು ಕೂಡ, ಮದುವೆಯ ಮಾತೆಂದು ತಿಳಿದು. ದೊಡ್ಡಮ್ಮ ಎದ್ದವರು ನನ್ನ ಬಳಿ ಬಂದು, ಪಕ್ಕದಲ್ಲಿದ್ದ ಸ್ಲೇಟನ್ನು ಎತ್ತಿಕೊಂಡರು.

"ನೀಳ್ಳು, ಇದನ್ನ ಅವ್ಳಿಗೆ ಬರ್ದ್ಗಿರ್ದೀಯ! ಮದ್ವೆ ಕೆಟ್ರೆ ನಿನ್ನಿಂದ್ಲೇ ಕೆಟ್ಟಂಗೆ."

ಸ್ಲೇಟು ಅಟ್ಟ ಸೇರಿತು. ದೊಡ್ಡಮ್ಮ ಕೆಡುಕಿಗೆ ಹೇಳಿದ್ದಲ್ಲ, ಮಗಳ ಬಾಳಿನ ಹೆದರಿಕೆ ಅವರದು; ಅದು ನನಗೂ ತಿಳಿಯುತ್ತಿತ್ತು. ಪಾರ್ವತಕ್ಕ ಹೊಸ ಬಳೆ ತೊಟ್ಟು ಕನ್ನಡಿಯ ಮುಂದೆ ನಿಲ್ಲುವುದನ್ನು ದಿನವೂ ನೋಡುತ್ತಿದ್ದೆ. ಅತ್ತೆ ನನ್ನನ್ನು ಕಣ್ಣಲ್ಲೇ ಕೇಳುತ್ತಿದ್ದರು, ನಾನು ತಲೆ ತಗ್ಗಿಸುತ್ತಿದ್ದೆ. ಒಂದು ಬೆಳಿಗ್ಗೆ ಇಬ್ಬರೂ ಬೀಸುವ ಕಲ್ಲಿನ ಮುಂದೆ ಕೂತಿದ್ದೆವು. ಅತ್ತೆ ಕಲ್ಲು ನಿಲ್ಲಿಸಿ ನನ್ನ ಗಲ್ಲ ಹಿಡಿದೆತ್ತಿದರು.

"ಏನೋ ಐತೆ. ಎಲ್ರೂ ನನ್ ಮುಖ ನೋಡೋದ್ ಬುಟ್ಟವ್ರೆ. ನೀನೂ 'ಏನಿಲ್ಲ' ಅಂತೀಯೇನೇ?"

ಮೊರದಲ್ಲಿ ರಾಗಿಹಿಟ್ಟಿತ್ತು. ಅದನ್ನು ಅಂಗೈಯಿಂದ ಸಮ ಮಾಡಿ ಬೆರಳಿನಿಂದ ಬರೆದೆ. ನಿಮ್ಮನ್ನು ತಾವರೆಕೆರೆಗೆ ಕಳಿಸುತ್ತಾರೆ. ಓದಿದರು. ಸಮ ಮಾಡಿ ಮತ್ತೆ ಬರೆದೆ. ಕಿವಿಯ ಕಾರಣಕ್ಕೆ. ವಾಪಸು ಕರೆಸುವುದಿಲ್ಲ. ಅತ್ತೆ ಕಣ್ಣು ಮಿಟುಕಿಸದೆ ಓದಿ, ಒಂದೇ ಮಾತು ಕೇಳಿದರು.

"ನನ್ ತಮ್ಮ ಏನಂದ?"

ಹಿಟ್ಟನ್ನು ಇನ್ನೊಮ್ಮೆ ಸಮ ಮಾಡಿದೆ. ಏನೂ ಅನ್ನಲಿಲ್ಲ, ಎಂದು ಬರೆದೆ. ಅತ್ತೆ ಮೊರವನ್ನು ಎತ್ತಿ ಒಮ್ಮೆ ಕೇರಿ, ಅಕ್ಷರ ಹಿಟ್ಟಾದ ಮೇಲೆ ಪಕ್ಕಕ್ಕಿಟ್ಟು, ಕಲ್ಲಿನ ಗೂಟ ಹಿಡಿದು ಬೀಸತೊಡಗಿದರು. ಆ ದಿನ ಪೂಜೆಯಲ್ಲಿ ಎಲ್ಲರೂ ಎದ್ದುಹೋದ ಮೇಲೂ ಅವರು ಅಂಗೈ ನೋಡುತ್ತಾ ಕೂತಿದ್ದರು.

ಸಿರಾದವರು ಬಂದರು. ಪಡಸಾಲೆಗೆ ಜಮಖಾನ ಹಾಸಿತ್ತು. ಅತ್ತೆಯನ್ನು ಹಿತ್ತಲ ಕೋಣೆಯಲ್ಲಿ ಕೂರಿಸಿ, ಕೈಸನ್ನೆಯಲ್ಲಿ 'ಇಲ್ಲೇ ಇರು' ಎಂದಿದ್ದರು. ಪಾರ್ವತಕ್ಕ ಹಣ್ಣಿನ ತಟ್ಟೆ ಇಟ್ಟು ಕೂತಳು. ಗಂಡಿನ ತಾಯಿ ದಪ್ಪನೆಯ, ಗತ್ತಿನ ಹೆಂಗಸು. ಅವರು ಏನನ್ನೋ ಕೇಳಬೇಕೆನ್ನುವಷ್ಟರಲ್ಲಿ ನಡುಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮಡಿಸೀರೆ, ಹಣೆ ತುಂಬ ವಿಭೂತಿ. ದನಿ ಕೂಗಿನ ಮಟ್ಟಕ್ಕೇರಿತ್ತು.

"ನಾನು ಈ ಹುಡ್ಗಿ ಸೋದರತ್ತೆ. ನಂಗೆ ಕಿವಿ ಕೇಳಲ್ಲ. ಹುಟ್ತಾ ಬಂದದ್ದಲ್ಲ, ಜ್ವರ ಬಂದು ಕಿವಿ ಒಳಗಿನ ನರ ಸತ್ತೈತೆ. ನಮ್ಮ ವಂಶದಾಗೆ ಇನ್ಯಾರ್ಗೂ ಇಲ್ಲ. ನಾಳೆ ಯಾರೋ ಯೋಳಿ ನಿಮ್ಗೆ ಗೊತ್ತಾಗೋದ್ ಬ್ಯಾಡ. ಈಗ್ಲೇ ನೋಡ್ಕಳಿ, ಬೇಕಾದ್ರೆ ಕೇಳ್ಕಳಿ."

ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗಂಡಿನ ತಾಯಿ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು.

"ಎಷ್ಟನೇ ವಯಸ್ಸಿಗೆ ಬಂದಿತ್ತಮ್ಮ ಈ ಕಾಯಿಲೆ? ಜೊತೇಲಿ ಇನ್ಯಾರ್ಗೆ ಬಂದಿತ್ತು? ಸರ್ಯಾಗಿ ಯೋಳಿ."

ಅತ್ತೆ ತಿರುಗಿ ಜನರ ನಡುವೆ ನನ್ನನ್ನು ಹುಡುಕಿದರು. "ಗಿರಿಜಾ, ಏನಂದ್ರು? ಬರಿ." ನನ್ನ ಕೈ ಬರಿದಾಗಿತ್ತು. ಆಗ ದೊಡ್ಡಪ್ಪ ಎದ್ದರು. ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ, ಏಣಿ ಹತ್ತಿ, ಅಟ್ಟದಿಂದ ಸ್ಲೇಟು ತಂದು, ಧೂಳನ್ನು ತಮ್ಮ ಅಂಗವಸ್ತ್ರದಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ನಾನು ಬರೆಯುವಷ್ಟು ಹೊತ್ತು ಆ ಪಡಸಾಲೆಯಲ್ಲಿ ಬಳಪದ ಸದ್ದೊಂದೇ. ಅತ್ತೆ ಓದಿ ಉತ್ತರ ಹೇಳಿದರು. ಆಕೆ ಮತ್ತೆ ಕೇಳಿದರು, ನಾನು ಮತ್ತೆ ಬರೆದೆ. ಹೀಗೆ ಹೋಗಿ ಬಂದು, ಕೊನೆಗೆ ಗಂಡಿನ ತಾಯಿ ದೊಡ್ಡಪ್ಪನ ಕಡೆ ತಿರುಗಿದರು.

"ಇಷ್ಟು ಖುಲ್ಲಾ ಮಾತಾಡೋರ ಮನೆ ಹೆಣ್ಣು ನಮ್ಗೆ ಆಗ್ತದೆ."

ಮದುವೆ ನಡೆಯಿತು. ಅತ್ತೆ ಚಪ್ಪರದಡಿ ಮುಂದಿನ ಸಾಲಿನಲ್ಲೇ ಕೂತಿದ್ದರು. ದೊಡ್ಡಮ್ಮ ತಾವೇ ಅವರ ಎಲೆಗೆ ಹೋಳಿಗೆ ಬಡಿಸಿದರು, ತಾವರೆಕೆರೆಯ ಮಾತು ಮತ್ತೆ ಏಳಲಿಲ್ಲ. ಎಲ್ಲವೂ ಸರಿಹೋಯಿತೆಂದೇ ನಾನು ನಂಬಿದ್ದೆ. ಬೀಗರೂಟ ಮುಗಿದು ಮನೆ ತಣ್ಣಗಾದ ಮೇಲೆ, ಅತ್ತೆ ತಮ್ಮ ಸೀರೆಗಳನ್ನು ಗಂಟು ಕಟ್ಟುತ್ತಿದ್ದರು. ನಾನು ಸ್ಲೇಟು ಹಿಡಿದು ಓಡಿದೆ. ಯಾಕೆ, ಎಂದು ಬರೆದೆ.

"ನಾನ್ ಎದ್ರಿಗೆ ಕುಂತಿರುವಾಗ್ಲೇ ನನ್ನ ಕಳ್ಸೋ ಮಾತಾಡಿದ್ರು ಕಣೇ. ಇನ್ನು ಯಾರು ಬಾಯಾಡಿಸಿದ್ರೂ ನಂಗೆ ಅದೇ ಅನ್ನಿಸ್ತದೆ. ಅವ್ರು ಕಳಿಸಿ ಹೋಗೋದ್ ಬ್ಯಾಡ. ನಾನೇ ಹೋಯ್ತೀನಿ."

ನಾನು? ಎಂದು ಬರೆದೆ. ಒಂದೇ ಪದ. ಅತ್ತೆ ಅದನ್ನು ಓದಿ ಗಂಟಿನ ತುದಿ ಬಿಗಿದರು.

"ನಿಂಗೆ ಕಿವಿ ಐತಲ್ಲೇ. ನೀನು ಬದುಕ್ಕಂತೀಯ."

ಗಾಡಿ ಬಾಗಿಲಿಗೆ ಬಂದು ಅತ್ತೆ ಹತ್ತಿ ಕೂತಾಗ ದೊಡ್ಡಪ್ಪ ಗಾಲಿ ಹಿಡಿದು ನಿಂತು ಏನೇನೋ ಹೇಳಿದರು. ಕಣ್ಣಲ್ಲಿ ನೀರಿತ್ತು. ಬ್ಯಾಡಕ್ಕ, ತಪ್ಪಾಯ್ತು, ನಿನ್ ಮನೆ ಇದು ಎಂದರು. ಅತ್ತೆ ನನ್ನ ಕಡೆ ನೋಡಿದರು. ನಾನು ಬರೆದು ಎತ್ತಿ ಹಿಡಿದೆ. ಅವರು ಓದಿ, ಬಗ್ಗಿ ತಮ್ಮನ ತಲೆಯ ಮೇಲೆ ಕೈಯಿಟ್ಟರು, ಮಗುವಿಗೆ ಇಡುವಂತೆ. ಇಳಿಯಲಿಲ್ಲ. ಎತ್ತುಗಳು ಹೊರಟವು.

ಆಮೇಲಿನ ತಿಂಗಳುಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಮನೆಯಲ್ಲಿ ನನ್ನನ್ನು ಗಿರಿಜಾ ಎಂದು ಕರೆಯತೊಡಗಿದ್ದರು, ದೊಡ್ಡಮ್ಮ ಮೊದಲಿಗಿಂತ ಮೆತ್ತಗೆ ಮಾತಾಡಿಸುತ್ತಿದ್ದರು. ನಾನೂ ಬಾಯಿಂದ ಉತ್ತರ ಕೊಡುವುದನ್ನು ಕಲಿತೆ. ಆದರೆ ಬೀದಿಯಲ್ಲಿ ಜಗಳವಾದರೆ, ಹೊಸ ಪಾಠವಾದರೆ, ಬೆಟ್ಟದ ಮೇಲೆ ಮೋಡ ವಿಚಿತ್ರವಾಗಿ ನಿಂತರೆ, ಕಾಲು ತಾನಾಗಿ ಪಡಸಾಲೆಯ ಕಂಬದವರೆಗೆ ಹೋಗಿ ನಿಲ್ಲುತ್ತಿತ್ತು. ಎಲ್ಲರಿಗೂ ಕಿವಿಯಿದ್ದ ಆ ಮನೆಯಲ್ಲಿ, ಆಮೇಲೇನಾಯಿತು ಎಂದು ಕೇಳುವವರು ಇರಲಿಲ್ಲ.

ರಜೆಯಲ್ಲಿ ಅಪ್ಪ ಬಂದು ನನ್ನನ್ನು ತಾವರೆಕೆರೆಗೆ ಕರೆದೊಯ್ದರು. ಹೇಳಬೇಕಾದದ್ದನ್ನೆಲ್ಲ ದಾರಿಯಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮನೆ ಹೊಲದ ಅಂಚಿನಲ್ಲಿತ್ತು. ಅತ್ತೆ ಜಗಲಿಯ ಮೇಲೆ ಕೂತಿದ್ದರು. ಅವರ ಮುಂದೆ ಮನೆಯ ಸೊಸೆ ರುದ್ರಮ್ಮ, ನನಗಿಂತ ಸ್ವಲ್ಪವೇ ದೊಡ್ಡವಳು, ಸಾರಿಸಿದ ನೆಲದ ಮೇಲೆ ಸುಣ್ಣದ ತುಂಡಿನಿಂದ ಏನೋ ಬರೆಯುತ್ತಿದ್ದಳು. ಅಕ್ಷರಗಳು ಅಡ್ಡಾದಿಡ್ಡಿ, ಒತ್ತುಗಳೆಲ್ಲ ತಪ್ಪು. ಅತ್ತೆ ಇಲ್ಲಿಗೆ ಬಂದ ಮೇಲೆ ಅವಳಿಗೆ ಅಕ್ಷರ ಕಲಿಸಿದ್ದರು. ನನ್ನನ್ನು ಕಂಡು ಅತ್ತೆ ಎದ್ದು ಬಂದು ಅಪ್ಪಿಕೊಂಡರು, ಮುಖ ಸವರಿದರು, ಮತ್ತೆ ಹೋಗಿ ಕೂತರು; ಮಾತು ಅರ್ಧಕ್ಕೆ ನಿಂತಿತ್ತಲ್ಲ. ಎಮ್ಮೆ ಕರು ಹಾಕಿದ್ದನ್ನು ರುದ್ರಮ್ಮ ಬರೆಯುತ್ತಿದ್ದಳು. ಕಾಲು ಮುಂದಾಗಿ ಬಂದದ್ದು, ಮಾವ ಹೆದರಿ ಹೊರಗೋಡಿದ್ದು. ಅತ್ತೆ ಓದಿ ಓದಿ ನಗುತ್ತಿದ್ದರು. ನನಗೆ ಸಂತೋಷವಾಗಬೇಕಿತ್ತು, ಆಗಿಯೂ ಇತ್ತು. ಆದರೆ ಸುಣ್ಣದ ತುಂಡು ರುದ್ರಮ್ಮನ ಕೈಯಲ್ಲೇ ಇತ್ತು; ನಾನು ಜೋಡಿಸಿಕೊಂಡು ಬಂದದ್ದು ಬರೆಯದೆಯೇ ಉಳಿಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಅಲ್ಲಿ ನೆಂಟಳಾಗಿದ್ದೆ.

ಮರಳಿ ಬಂದ ಮೇಲೆ ಒಂದು ಸಂಜೆ, ಅಪ್ಪ ಕೊಟ್ಟುಹೋಗಿದ್ದ ಕಾಗದ ತೆಗೆದು ಕಂಬಕ್ಕೊರಗಿ ಕೂತೆ. ಎಮ್ಮೆ ಕರು ಹಾಕಿದ್ದನ್ನೇ ಬರೆದೆ, ರುದ್ರಮ್ಮನ ನಗುವನ್ನು ಬರೆದೆ, ದಾರಿಯಲ್ಲಿ ಕಂಡ ಬತ್ತಿದ ಕೆರೆಯಲ್ಲಿ ಕೊಕ್ಕರೆಗಳು ಯಾಕೆ ಒಂಟಿ ಕಾಲಲ್ಲಿ ನಿಲ್ಲುತ್ತವೆ ಎಂಬ ನನ್ನ ಊಹೆಯನ್ನೂ ಬರೆದೆ. ಬರೆದು ಮುಗಿಸಿ ಅಭ್ಯಾಸಬಲದಿಂದ ತಲೆಯೆತ್ತಿದೆ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಯಾರು ಓದುತ್ತಾರೆಂದು ಗೊತ್ತಿಲ್ಲದೆ ನಾನು ಬರೆದ ಮೊದಲ ಬರಹ ಅದು. ತಲೆ ತಗ್ಗಿಸಿ, ಒರೆಸಲು ಬಾರದ ಆ ಹಾಳೆಯನ್ನು ಮೊದಲಿನಿಂದ ನಾನೇ ಓದತೊಡಗಿದೆ.